ಮೂರು ಕ್ಯಾಮೆರಾ, ಒಂದೇ ಲೇನ್: ಡೊಂಬಿವಲಿಯ ಎಡಿಟಿಂಗ್ ಯಂತ್ರವೊಂದರ ಮದರ್‌ಬೋರ್ಡ್ ಪರೀಕ್ಷೆ

ಡೊಂಬಿವಲಿ ಪೂರ್ವದಲ್ಲಿ ಒಂದು ಕೋಣೆಯ ವಿಡಿಯೊ ಎಡಿಟಿಂಗ್ ಘಟಕ. ಮದುವೆ, ಮುಂಜಿ, ಗೃಹಪ್ರವೇಶದ ಕೆಲಸ ವರ್ಷವಿಡೀ ಇರುತ್ತದೆ. ಮಳೆಗಾಲ ಬಂತೆಂದರೆ ಯಕ್ಷಗಾನ. ಪತ್ತನಾಜೆಗೆ, ಅಂದರೆ ತುಳುನಾಡಿನಲ್ಲಿ ವರ್ಷದ ತಿರುಗಾಟ ಮುಗಿಯುವ ದಿನ, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಊರಿನ ಕಲಾವಿದರ ತಂಡಗಳು ಮುಂಬಯಿಗೆ ಬಂದು ಸಭಾಂಗಣಗಳಲ್ಲಿ ಆಟ ಆಡುತ್ತವೆ. ಒಂದು ಆಟ ಸುಮಾರು ನಾಲ್ಕು ಗಂಟೆ. ಅದನ್ನು ಮೂರು ಕ್ಯಾಮೆರಾಗಳಿಂದ ಒಟ್ಟಿಗೆ, ನಾಲ್ಕು ಎಚ್‌ಡಿಎಂಐ ಇನ್‌ಪುಟ್ ಇರುವ ಕ್ಯಾಪ್ಚರ್ ಕಾರ್ಡ್ ಮೂಲಕ ನೇರವಾಗಿ ಕಂಪ್ಯೂಟರಿಗೇ ಇಳಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಂಡಿದ್ದರು. ಯಂತ್ರವನ್ನು ರಿಕ್ಷಾದಲ್ಲೋ ಟ್ಯಾಕ್ಸಿಯಲ್ಲೋ ಹಾಕಿಕೊಂಡು ಸಭಾಂಗಣಕ್ಕೆ ಒಯ್ಯಬೇಕು. ಯಂತ್ರದ ಭಾಗಗಳೆಲ್ಲ ಕೂರುವ ಮದರ್‌ಬೋರ್ಡಿನ ಅಳತೆ ನಿರ್ಧಾರವಾದದ್ದು ಮುಖ್ಯವಾಗಿ ಈ ಓಡಾಟದಿಂದ.

ತೊಂದರೆ ಹೀಗಿತ್ತು. ಒಂದು ಕ್ಯಾಮೆರಾ ಇದ್ದಾಗ ಎಲ್ಲ ಸರಿ. ಎರಡಾದರೆ ಆಗೊಮ್ಮೆ ಈಗೊಮ್ಮೆ ಫ್ರೇಮ್ ಕಳೆದುಹೋಗುತ್ತದೆ. ಮೂರನೆಯದನ್ನು ಸೇರಿಸಿದ ತಕ್ಷಣ ರೆಕಾರ್ಡಿಂಗ್ ಕೆಟ್ಟೇ ಹೋಗುತ್ತದೆ. ಕೆಡುವ ರೀತಿಯಲ್ಲೇ ಒಂದು ಸುಳಿವು ಇತ್ತು. ಆಟದ ಮೊದಲ ಹತ್ತು ನಿಮಿಷ ಚೆಂಡೆಯ ಕೋಲೂ ಶಬ್ದವೂ ಕೂಡಿ ಬರುತ್ತವೆ. ಅರ್ಧ ಗಂಟೆ ಕಳೆದರೆ ಕೋಲು ಬಿದ್ದು ಆದ ಮೇಲೆ ಪೆಟ್ಟು ಕೇಳುತ್ತದೆ. ಒಂದು ಗಂಟೆಯ ಹೊತ್ತಿಗೆ ಆ ಅಂತರ ಇನ್ನಷ್ಟು ಬೆಳೆದಿರುತ್ತದೆ. ಶಬ್ದ ತಡವಾಗಿ ಬರುತ್ತಿದೆ ಎಂದಷ್ಟೇ ಆಗಿದ್ದರೆ ಅಂತರ ಮೊದಲಿನಿಂದ ಕೊನೆಯವರೆಗೆ ಒಂದೇ ಇರುತ್ತಿತ್ತು, ಎಡಿಟಿಂಗಿನಲ್ಲಿ ಒಮ್ಮೆ ಸರಿಸಿದರೆ ಸಾಕಿತ್ತು. ಹೊತ್ತು ಹೋದಂತೆ ಚಿತ್ರ ಮುಂದೆ ಮುಂದೆ ಓಡುವುದೆಂದರೆ ಫ್ರೇಮುಗಳು ಯಂತ್ರದೊಳಗೆ ಬರುವ ಮೊದಲೇ ಕಳೆದುಹೋಗುತ್ತಿವೆ, ಆದ್ದರಿಂದ ಚಿತ್ರದ ಫೈಲ್ ಶಬ್ದಕ್ಕಿಂತ ಗಿಡ್ಡವಾಗುತ್ತಿದೆ ಎಂದರ್ಥ.

ಪ್ರೊಸೆಸರ್ ಸಾಲದು, ದೊಡ್ಡದು ಹಾಕಿ ಎಂಬ ಸಲಹೆ ಅವರಿಗೆ ಸಿಕ್ಕಿತ್ತು. ಅದಕ್ಕೆ ಹಣ ಹಾಕುವ ಮೊದಲು ಯಂತ್ರವನ್ನು ಬಿಚ್ಚಿ ನೋಡಲಾಯಿತು.

ಯಂತ್ರದಲ್ಲಿ ಏನಿತ್ತು

2022ರಲ್ಲಿ ಜೋಡಿಸಿದ ಯಂತ್ರ. ಇಂಟೆಲ್ ಐ5-12400 ಪ್ರೊಸೆಸರ್, ಎಚ್610 ಚಿಪ್‌ಸೆಟ್‌ನ (ಪ್ರೊಸೆಸರಿಗೂ ಉಳಿದ ಭಾಗಗಳಿಗೂ ನಡುವಿನ ಕೊಂಡಿಯ ಚಿಪ್) ಮೈಕ್ರೊ ಎಟಿಎಕ್ಸ್ ಎಂಬ ಚಿಕ್ಕ ಅಳತೆಯ ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ್ಯಾಮ್, 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 500 ಜಿಬಿಯ ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ, ಮೂರು ಹಾರ್ಡ್‌ಡಿಸ್ಕ್, ಒಂದು ಡಿವಿಡಿ ರೈಟರ್, 550 ವಾಟ್ ಪವರ್ ಸಪ್ಲೈ. ಮದುವೆ ಮನೆಯ ಹಿರಿಯರು ಇವತ್ತಿಗೂ ಡಿವಿಡಿ ಕೇಳುತ್ತಾರೆ, ಹಾಗಾಗಿ ರೈಟರ್ ಬಿಡುವಂತಿಲ್ಲ. ಹಾರ್ಡ್‌ಡಿಸ್ಕ್, ರೈಟರ್ ಚುಚ್ಚುವ ಸಾಟಾ ಪೋರ್ಟುಗಳು ಬೋರ್ಡಿನಲ್ಲಿ ನಾಲ್ಕು, ನಾಲ್ಕೂ ಭರ್ತಿ.

ಬೋರ್ಡಿನಲ್ಲಿ ಕಾರ್ಡ್ ಹಾಕುವ ಸ್ಲಾಟ್ ಮೂರು: ಒಂದು ಎಕ್ಸ್16, ಎರಡು ಎಕ್ಸ್1. ಎಕ್ಸ್ ಮುಂದಿನ ಅಂಕಿ ಲೇನುಗಳ ಸಂಖ್ಯೆ, ಲೇನ್ ಎಂದರೆ ಕಾರ್ಡಿಗೂ ಯಂತ್ರಕ್ಕೂ ನಡುವೆ ಮಾಹಿತಿ ಹರಿಯುವ ಒಂದು ದಾರಿ. ಎಕ್ಸ್16ರಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂತಿದೆ. ಕ್ಯಾಪ್ಚರ್ ಕಾರ್ಡ್ ಎಕ್ಸ್4. ಎಕ್ಸ್1 ಸ್ಲಾಟಿನ ತುದಿ ಮುಚ್ಚಿರುವುದರಿಂದ ಅದು ಅಲ್ಲಿ ಕೂರುವುದೇ ಇಲ್ಲ. ಅದಕ್ಕೆ ಮಾಡಿದ್ದ ಉಪಾಯ ರೈಸರ್: ಎಕ್ಸ್1 ಸ್ಲಾಟಿಗೆ ಬೆರಳಷ್ಟು ದೊಡ್ಡ ಒಂದು ಚಿಕ್ಕ ಪಟ್ಟಿ, ಅದರಿಂದ ನೀಲಿ ಯುಎಸ್‌ಬಿ ಕೇಬಲ್, ಕೇಬಲ್ ತುದಿಯಲ್ಲಿ ಉದ್ದನೆಯ ಎಕ್ಸ್16 ಸ್ಲಾಟ್. ಕ್ರಿಪ್ಟೊ ಮೈನಿಂಗ್ ಕಾಲದಲ್ಲಿ ರಾಶಿ ರಾಶಿ ಮಾರಾಟವಾದ ಸಾಮಾನು ಇದು. ಕೇಬಲ್ ಯುಎಸ್‌ಬಿಯದಾದರೂ ಒಳಗೆ ಹರಿಯುವುದು ಈ ಸ್ಲಾಟುಗಳ ಭಾಷೆಯಾದ ಪಿಸಿಐಇ ಸಂಕೇತವೇ, ಆದರೆ ಒಂದೇ ಒಂದು ಲೇನ್. ಮೈನಿಂಗಿಗೆ ಅಷ್ಟು ಸಾಕು. ಕ್ಯಾಮೆರಾದ ಚಿತ್ರಕ್ಕೆ ಸಾಲದು.

ಲೆಕ್ಕ ಹಾಕಿದರೆ ಎಲ್ಲ ಬಯಲಾಗುತ್ತದೆ. 1920×1080 ಚಿತ್ರ, ಸೆಕೆಂಡಿಗೆ 50 ಫ್ರೇಮ್, 8 ಬಿಟ್ 4:2:2 ಬಣ್ಣವೆಂದರೆ ಪ್ರತಿ ಪಿಕ್ಸೆಲ್‌ಗೆ 2 ಬೈಟ್. ಗುಣಿಸಿದರೆ ಒಂದು ಕ್ಯಾಮೆರಾಕ್ಕೆ ಸೆಕೆಂಡಿಗೆ 207 ಎಂಬಿ. ಎರಡಕ್ಕೆ 415, ಮೂರಕ್ಕೆ 622, ನಾಲ್ಕಕ್ಕೆ 829. ಈ ಕ್ಯಾಪ್ಚರ್ ಕಾರ್ಡ್ ಪಿಸಿಐಇ 2.0 ಪೀಳಿಗೆಯದು. ಆ ಪೀಳಿಗೆಯಲ್ಲಿ ಒಂದು ಲೇನಿನ ಕಾಗದದ ಮೇಲಿನ ಸಾಮರ್ಥ್ಯ 500 ಎಂಬಿ. ಪ್ಯಾಕೆಟ್‌ಗಳ ಖರ್ಚು ಕಳೆದರೆ ಕೈಗೆ ಸಿಗುವುದು 400ರ ಆಸುಪಾಸು. ಬೋರ್ಡಿನ ಎಕ್ಸ್1 ಸ್ಲಾಟ್ 3.0 ಆಗಿದ್ದರೂ ಪ್ರಯೋಜನವಿಲ್ಲ, ಕಾರ್ಡ್ 2.0 ಆದರೆ ಇಬ್ಬರೂ 2.0 ವೇಗಕ್ಕೇ ಇಳಿದು ಮಾತಾಡುತ್ತಾರೆ. ಒಂದು ಕ್ಯಾಮೆರಾ ಸಲೀಸು, ಎರಡು ಅಂಚಿನ ಮೇಲೆ, ಮೂರು ಅಸಾಧ್ಯ. ಸಭಾಂಗಣದಲ್ಲಿ ಕಂಡದ್ದು ಅಕ್ಷರಶಃ ಇದೇ.

ಊಹೆಯನ್ನು ಎರಡು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಲಾಯಿತು. ಮೊದಲನೆಯದು, ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಬಸ್ ವಿಭಾಗ ತೆರೆದು ಕ್ಯಾಪ್ಚರ್ ಕಾರ್ಡ್ ಆಯ್ಕೆ ಮಾಡುವುದು. ಗರಿಷ್ಠ ಲಿಂಕ್ ಅಗಲ 4, ಈಗಿನ ಅಗಲ 1 ಎಂದು ತೋರಿಸಿತು. ಎರಡನೆಯದಕ್ಕೆ ಕಾಸು ಬೇಡ: ಗ್ರಾಫಿಕ್ಸ್ ಕಾರ್ಡ್ ತೆಗೆದು, ಅದೇ ಎಕ್ಸ್16 ಸ್ಲಾಟಿಗೆ ಕ್ಯಾಪ್ಚರ್ ಕಾರ್ಡ್ ಕೂರಿಸಿ, ಮಾನಿಟರನ್ನು ಬೋರ್ಡಿನ ಎಚ್‌ಡಿಎಂಐಗೆ ಚುಚ್ಚುವುದು. ಐ5-12400ರಲ್ಲಿ ಒಳಗೇ ಗ್ರಾಫಿಕ್ಸ್ ಇದೆ. ಮೂರು ಕ್ಯಾಮೆರಾ ಹಚ್ಚಿ 40 ನಿಮಿಷ ಓಡಿಸಿದಾಗ ಒಂದು ಫ್ರೇಮೂ ಹೋಗಲಿಲ್ಲ. ಪ್ರೊಸೆಸರ್ ಬಳಕೆ ಅರ್ಧವನ್ನೂ ಮುಟ್ಟಲಿಲ್ಲ. ಹೊಸ ಪ್ರೊಸೆಸರಿನ ಮಾತು ಅಲ್ಲಿಗೆ ನಿಂತಿತು. ಹೊಸ ಬೋರ್ಡ್ ಬರುವ ತನಕ ಆಟದ ದಿನ ಇದೇ ರೀತಿ ಕಾರ್ಡ್ ಬದಲಿಸಿ ಕೆಲಸ ನಡೆಸಿದರು.

ಬೇಕಾದ್ದು ಏನು

ಬೋರ್ಡ್ ಬದಲಿಸುವುದೆಂದಾದ ಮೇಲೆ ಪೆಟ್ಟಿಗೆಯ ಮೇಲಿನ ಅಂಕಿ ಓದುವ ಮುನ್ನ ತಮ್ಮ ಕೆಲಸದ ಪಟ್ಟಿ ಬರೆದುಕೊಳ್ಳಬೇಕು. ಇಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಎಕ್ಸ್16, ಕ್ಯಾಪ್ಚರಿಗೆ ನಿಜವಾದ ಎಕ್ಸ್4, ಎನ್‌ವಿಎಂಇಗೆ ಎರಡು ಎಂ.2 ಸ್ಲಾಟ್, ನಾಲ್ಕು ಸಾಟಾ, ನಾಲ್ಕು ರ್ಯಾಮ್ ಸ್ಲಾಟ್.

ಎರಡನೆಯ ಎಂ.2 ಯಾಕೆಂದರೆ ದಾಖಲೆಯ ಗಾತ್ರ. ಲೇನುಗಳ ಮೂಲಕ ಹರಿಯುವ ಕಚ್ಚಾ ಚಿತ್ರವನ್ನು ಪ್ರೊಸೆಸರ್ ಪ್ರೊರೆಸ್ 422 ಎಂಬ ಸಂಕುಚಿತ ರೂಪಕ್ಕೆ ತಿರುಗಿಸಿ ಬರೆಯುತ್ತದೆ. 1080ರಲ್ಲಿ 50 ಫ್ರೇಮಿಗೆ ಅದು ಸೆಕೆಂಡಿಗೆ 245 ಮೆಗಾಬಿಟ್, ಅಂದರೆ 31 ಎಂಬಿ ಹತ್ತಿರ. ಮೂರು ಕ್ಯಾಮೆರಾ, ನಾಲ್ಕು ಗಂಟೆ: 1.3 ಟಿಬಿ. ವಿಂಡೋಸ್ ಇರುವ 500 ಜಿಬಿಯಲ್ಲಿ ಹಿಡಿಸುವ ಮಾತೇ ಇಲ್ಲ. ಹಾರ್ಡ್‌ಡಿಸ್ಕ್ ಒಂದಕ್ಕೆ ಮೂರು ಫೈಲ್ ಒಟ್ಟಿಗೆ ಬರೆದರೆ ಅದರ ಹೆಡ್ ಆ ಕಡೆ ಈ ಕಡೆ ಓಡಾಡಿಯೇ ಸುಸ್ತಾಗುತ್ತದೆ. 2 ಟಿಬಿ ಎನ್‌ವಿಎಂಇ ಬೇಕು. ಕ್ಯುಎಲ್‌ಸಿ ಬಗೆಯ ಅಗ್ಗದ ಎಸ್‌ಎಸ್‌ಡಿ ಮಾತ್ರ ಬೇಡ. ಅದರ ಕ್ಯಾಶ್ (ವೇಗದ ತಾತ್ಕಾಲಿಕ ಜಾಗ) ತುಂಬಿದ ಮೇಲೆ ಬರೆಯುವ ವೇಗ ಹಾರ್ಡ್‌ಡಿಸ್ಕಿನ ಮಟ್ಟಕ್ಕೆ ಕುಸಿಯಬಹುದು, ಅದೂ ಆಟದ ಕೊನೆಯ ಯುದ್ಧದ ಹೊತ್ತಿಗೆ.

ಪ್ರೊಸೆಸರ್, ರ್ಯಾಮ್ ಎರಡನ್ನೂ ಉಳಿಸಿಕೊಳ್ಳುವುದು ಸರಿಯಾದ ತೀರ್ಮಾನ ಎಂದು ನಮ್ಮ ಸ್ಪಷ್ಟ ಅಭಿಪ್ರಾಯ. ಎಎಂಡಿ ಕಂಪನಿಯ ಎಎಂ5 ಸಾಕೆಟ್ಟಿಗೆ (ಪ್ರೊಸೆಸರ್ ಕೂರುವ ಜಾಗ) ಹೋಗುವ ಯೋಚನೆಯೂ ಇತ್ತು. ಅಲ್ಲಿ ಡಿಡಿಆರ್5 ಮಾತ್ರ ನಡೆಯುತ್ತದೆ, ಇರುವ ರ್ಯಾಮ್ ಮೂಲೆ ಸೇರುತ್ತದೆ. ಅದಕ್ಕಿಂತ ದೊಡ್ಡ ಕಾರಣ ಮದುವೆ ಕ್ಯಾಮೆರಾದ ಫೈಲುಗಳು. ಅವು 10 ಬಿಟ್ 4:2:2 ಬಣ್ಣದ, ಎಚ್‌ಇವಿಸಿ ಎಂಬ ಸಂಕುಚಿತ ರೂಪದವು. ಆರ್‌ಟಿಎಕ್ಸ್ 50 ಸರಣಿಗಿಂತ ಹಿಂದಿನ ಎನ್‌ವಿಡಿಯಾ ಕಾರ್ಡುಗಳು ಇದನ್ನು ಹಾರ್ಡ್‌ವೇರಿನಲ್ಲಿ ಬಿಡಿಸಲಾರವು. 12ನೇ ಪೀಳಿಗೆಯ ಇಂಟೆಲ್‌ನ ಒಳಗಿನ ಗ್ರಾಫಿಕ್ಸಿನಲ್ಲಿರುವ ಕ್ವಿಕ್ ಸಿಂಕ್ ಎಂಬ ವಿಡಿಯೊ ಘಟಕ ಬಿಡಿಸುತ್ತದೆ. ಇವರ ಪ್ರೊಸೆಸರ್ 12400, ಕೊನೆಯಲ್ಲಿ ಎಫ್ ಇಲ್ಲ. ಆ ಒಂದು ಅಕ್ಷರ ಇದ್ದಿದ್ದರೆ ಒಳಗಿನ ಗ್ರಾಫಿಕ್ಸೇ ಇರುತ್ತಿರಲಿಲ್ಲ.

ಹೀಗೆ ಹುಡುಕಾಟ ಎಲ್‌ಜಿಎ1700 ಸಾಕೆಟ್, ಬಿ760 ಚಿಪ್‌ಸೆಟ್, ಡಿಡಿಆರ್4 ಎಂಬಲ್ಲಿಗೆ ಬಂದು ನಿಂತಿತು. ಒಂದೇ ಹೆಸರಿನ ಬೋರ್ಡ್ ಡಿಡಿಆರ್4 ಮತ್ತು ಡಿಡಿಆರ್5 ಎರಡು ರೂಪದಲ್ಲೂ ಬರುತ್ತದೆ. ಹೆಸರಿನ ಕೊನೆಯಲ್ಲಿ ಡಿ4 ಎಂದೋ ಡಿಡಿಆರ್4 ಎಂದೋ ಇರುವುದನ್ನು ನೋಡಿಯೇ ಹಣ ಕೊಡಬೇಕು. ರ್ಯಾಮಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ತಪ್ಪಾಗಿ ತಂದರೆ ಒತ್ತಿದರೂ ಕೂರುವುದಿಲ್ಲ.

ಲ್ಯಾಮಿಂಗ್ಟನ್ ರೋಡಿನಲ್ಲಿ ಮೂರು ಬೋರ್ಡ್

ಗ್ರ್ಯಾಂಟ್ ರೋಡ್ ಸ್ಟೇಷನ್ನಿಂದ ನಡೆದು ಹೋಗುವಷ್ಟು ಹತ್ತಿರದ ಈ ಬೀದಿಯಲ್ಲಿ ಮೂರು ಬಿ760 ಬೋರ್ಡುಗಳನ್ನು ಎದುರಿಗೆ ಇಟ್ಟು ಹೋಲಿಸಲಾಯಿತು.

ಮೊದಲನೆಯದು ಅಗ್ಗದ್ದು, ಮೈಕ್ರೊ ಎಟಿಎಕ್ಸ್. ಉದ್ದನೆಯ ಸ್ಲಾಟ್ ಎರಡು ಕಾಣುತ್ತವೆ, ಎಂ.2 ಎರಡು. ಘಟಕದ ಯಜಮಾನರಿಗೆ ಇದೇ ಸಾಕೆನ್ನಿಸಿತು. "ಸ್ಲಾಟು ಉದ್ದ ಉಂಟಲ್ಲ ಮಾರಾಯ್ರೆ, ಕಾರ್ಡು ಕೂತುಕೊಳ್ತದೆ. ಮತ್ತೆಂಥ ತೊಂದರೆ?" ಎಂದರು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಆ ಎರಡನೆಯ ಸ್ಲಾಟಿನೊಳಗೆ ನೋಡಿದರೆ ಉತ್ತರ ಕಾಣುತ್ತದೆ. ಚಿನ್ನದ ಬಣ್ಣದ ಪಿನ್ನುಗಳು ಕಚ್ಚಿನ ಆಚೆ ಒಂದಿಷ್ಟು ಮಾತ್ರ ಇದ್ದು ನಿಂತುಬಿಡುತ್ತವೆ. ಉಳಿದದ್ದು ಖಾಲಿ ಪ್ಲಾಸ್ಟಿಕ್. ಎಕ್ಸ್1ಕ್ಕೆ ಬದಿಗೆ 18 ಪಿನ್, ಎಕ್ಸ್4ಕ್ಕೆ 32, ಪೂರ್ತಿ ಎಕ್ಸ್16ಕ್ಕೆ 82. ಈ ಬೋರ್ಡಿನಲ್ಲಿ ಎಣಿಸಿದ್ದು 18. ರೈಸರಿನ ಅದೇ ಒಂದು ಲೇನ್, ಈ ಸಲ ಚಂದದ ಸ್ಲಾಟಿನ ವೇಷದಲ್ಲಿ. ಕೆಲವು ಬೋರ್ಡುಗಳಲ್ಲಿ ಪಿನ್ ಪೂರ್ತಿ ಇದ್ದೂ ತಂತಿ ಇರುವುದಿಲ್ಲ, ಹಾಗಾಗಿ ಪಿನ್ ಎಣಿಸುವುದು ತಿರಸ್ಕರಿಸಲು ಸಾಕು, ಒಪ್ಪಿಕೊಳ್ಳಲು ಸಾಲದು. ಒಪ್ಪಿಕೊಳ್ಳಲು ತಯಾರಕರ ಜಾಲತಾಣದಲ್ಲಿರುವ ಕೈಪಿಡಿಯಲ್ಲಿ "ಎಕ್ಸ್4 ಮೋಡ್" ಎಂಬ ಸಾಲು ಕಣ್ಣಾರೆ ಕಾಣಬೇಕು.

ಎರಡನೆಯದನ್ನು ಕೊನೆಗೆ ನೋಡೋಣ. ಮೂರನೆಯದು ದೊಡ್ಡ ಅಳತೆಯ ಎಟಿಎಕ್ಸ್, 305×244 ಮಿಲಿಮೀಟರ್. ಮೂರು ಎಂ.2, ಉದ್ದನೆಯ ಸ್ಲಾಟುಗಳು, ವಿಆರ್‌ಎಂ (ಪ್ರೊಸೆಸರಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗ) ಮೇಲೆ ದಪ್ಪ ಹೀಟ್‌ಸಿಂಕ್. ಒಳ್ಳೆಯ ಬೋರ್ಡ್. ಆದರೆ ಇವರ ಕ್ಯಾಬಿನೆಟ್ 244×244ರ ಮೈಕ್ರೊ ಎಟಿಎಕ್ಸಿಗೆ ಮಾಡಿದ್ದು, ಹೊಸ ದೊಡ್ಡ ಕ್ಯಾಬಿನೆಟ್ ತಂದರೆ ರಿಕ್ಷಾದ ಸೀಟಿನಲ್ಲಿ ಮೂರು ಟ್ರೈಪಾಡ್ ಜೊತೆ ಹಿಡಿಸುವುದಿಲ್ಲ. ಕೈಪಿಡಿಯಲ್ಲಿ ಇನ್ನೊಂದು ಸಾಲೂ ಇತ್ತು: ಮೂರನೆಯ ಎಂ.2ರಲ್ಲಿ ಎಸ್‌ಎಸ್‌ಡಿ ಹಾಕಿದರೆ ಕೆಳಗಿನ ಎಕ್ಸ್4 ಸ್ಲಾಟ್ ಬಂದ್. ಪೆಟ್ಟಿಗೆಯ ಮೇಲೆ ಎರಡೂ ಸೌಲಭ್ಯ ಅಚ್ಚಾಗಿರುತ್ತವೆ. ಎರಡನ್ನೂ ಒಟ್ಟಿಗೆ ಬಳಸಲಾಗದು ಎಂಬುದು ಕೈಪಿಡಿಯ ಅಡಿಟಿಪ್ಪಣಿಯಲ್ಲಿರುತ್ತದೆ.

ಇಂಥ ಹಂಚಿಕೆ ಯಾಕೆ ಬರುತ್ತದೆ ಎಂದು ತಿಳಿದರೆ ಯಾವ ಬೋರ್ಡನ್ನಾದರೂ ತೂಗಬಹುದು. 12400 ಪ್ರೊಸೆಸರಿನಿಂದ ನೇರವಾಗಿ ಬರುವುದು ಗ್ರಾಫಿಕ್ಸಿಗೆ 16 ಲೇನ್, ಎನ್‌ವಿಎಂಇಗೆ 4. ಹಳೆಯ ಎಚ್610 ಬೋರ್ಡಿನಲ್ಲಿ ಆ ನಾಲ್ಕು ಲೇನ್ ಬಳಕೆಗೇ ಬಂದಿರಲಿಲ್ಲ, ಅದರ ಎಂ.2 ಚಿಪ್‌ಸೆಟ್ಟಿನಿಂದ 3.0 ವೇಗದಲ್ಲಿ ಬಂದದ್ದು. ಬಿ760ರಲ್ಲಿ ಗ್ರಾಫಿಕ್ಸಿನ 16 ಲೇನನ್ನು ಎಂಟೆಂಟಾಗಿ ಒಡೆಯಲು ಬಿಡುವುದಿಲ್ಲ, ಅದಕ್ಕೆ ಝಡ್ ಸರಣಿಯಂಥ ಮೇಲಿನ ದರ್ಜೆಯ ಚಿಪ್‌ಸೆಟ್ ಬೇಕು. ಆದ್ದರಿಂದ ಎರಡನೆಯ ಕಾರ್ಡಿಗೆ ದಾರಿ ಚಿಪ್‌ಸೆಟ್ ಒಂದೇ. ಬಿ760 ಚಿಪ್‌ಸೆಟ್ಟಿನಲ್ಲಿ 4.0 ವೇಗದ 10 ಲೇನ್, 3.0 ವೇಗದ 4 ಲೇನ್. ಎರಡನೆಯ ಎಂ.2, ಎಕ್ಸ್4 ಸ್ಲಾಟ್, ನೆಟ್‌ವರ್ಕ್ ಎಲ್ಲ ಈ ಹದಿನಾಲ್ಕರಲ್ಲೇ ಪಾಲು. ಚಿಪ್‌ಸೆಟ್ಟಿನಿಂದ ಪ್ರೊಸೆಸರಿಗೆ ಹೋಗುವ ಹೆದ್ದಾರಿ ಡಿಎಂಐ 4.0, ನಾಲ್ಕು ಲೇನ್, ಸೆಕೆಂಡಿಗೆ ಸುಮಾರು 7.9 ಜಿಬಿ. ಇವರ ಮೂರು ಕ್ಯಾಮೆರಾ, ಮೂರು ಹಾರ್ಡ್‌ಡಿಸ್ಕ್, ನೆಟ್‌ವರ್ಕ್ ಎಲ್ಲ ಕೂಡಿದರೂ ಎರಡು ಜಿಬಿ ದಾಟದು. ಅಲ್ಲಿ ಭಯವಿಲ್ಲ.

ಎರಡನೆಯ ಬೋರ್ಡ್ ಆಯ್ಕೆಯಾಯಿತು. ಮೈಕ್ರೊ ಎಟಿಎಕ್ಸ್, ನಾಲ್ಕು ರ್ಯಾಮ್ ಸ್ಲಾಟ್, ಎರಡು ಎಂ.2, ನಾಲ್ಕು ಸಾಟಾ, ಕೆಳಗಿನ ಸ್ಲಾಟಿನಲ್ಲಿ ನಿಜವಾದ ಎಕ್ಸ್4. ಅಂಗಡಿಯವರು ಹೇಳಿದ ದರ ಸುಮಾರು 11,000 ರೂಪಾಯಿ, ಮೊದಲನೆಯದಕ್ಕಿಂತ ಎರಡು ಸಾವಿರ ಹೆಚ್ಚು. ಕೈಪಿಡಿಯಲ್ಲಿ ಒಂದು ನಿಬಂಧನೆ: ಎರಡನೆಯ ಎಂ.2ರಲ್ಲಿ ಸಾಟಾ ಬಗೆಯ ಎಸ್‌ಎಸ್‌ಡಿ ಹಾಕಿದರೆ ಒಂದು ಸಾಟಾ ಪೋರ್ಟ್ ಸತ್ತುಹೋಗುತ್ತದೆ. ಎನ್‌ವಿಎಂಇ ಹಾಕಿದರೆ ಇಲ್ಲ. ನಾಲ್ಕೂ ಪೋರ್ಟ್ ಬಳಸುವವರಿಗೆ ಇದು ಮುಖ್ಯ.

ಅಂತರವನ್ನು ಅಳೆದು ನೋಡಿದ್ದೂ ಒಳ್ಳೆಯದೇ ಆಯಿತು. ಕ್ಯಾಬಿನೆಟ್ಟಿನಲ್ಲಿ ಒಂದು ಸ್ಲಾಟಿನಿಂದ ಮುಂದಿನದಕ್ಕೆ 20.32 ಮಿಲಿಮೀಟರ್. ಇವರ ಆರ್‌ಟಿಎಕ್ಸ್ 3060 ಎರಡು ಸ್ಲಾಟಿನ ಜಾಗ ತಿನ್ನುತ್ತದೆ. ಎಕ್ಸ್4 ಸ್ಲಾಟ್ ಮೂರನೆಯ ಸ್ಥಾನದಲ್ಲಿದ್ದರೆ ಕ್ಯಾಪ್ಚರ್ ಕಾರ್ಡ್ ಗ್ರಾಫಿಕ್ಸಿನ ಫ್ಯಾನಿಗೆ ಅಂಟಿಕೊಂಡು ಗಾಳಿ ಕಟ್ಟುತ್ತದೆ. ಈ ಬೋರ್ಡಿನಲ್ಲಿ ಅದು ನಾಲ್ಕನೆಯ, ಎಲ್ಲಕ್ಕಿಂತ ಕೆಳಗಿನ ಸ್ಥಾನ. ಗಾಳಿಗೆ ಒಂದು ಸ್ಲಾಟ್ ಬಿಡುವು ಸಿಕ್ಕಿತು, ಆದರೆ ಕೆಳಅಂಚಿನಲ್ಲಿರುವ ಮುಂಭಾಗದ ಬಟನ್ ಮತ್ತು ಯುಎಸ್‌ಬಿ ತಂತಿಗಳನ್ನು ಕಾರ್ಡ್ ಕೂರಿಸುವ ಮೊದಲೇ ಚುಚ್ಚಿ ಮಲಗಿಸಬೇಕು. ಆಮೇಲೆ ಬೆರಳು ಹೋಗುವುದಿಲ್ಲ.

ವಿಆರ್‌ಎಂ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 12400 ಗರಿಷ್ಠ 117 ವಾಟ್ ಎಳೆಯುತ್ತದೆ, ಚಿಕ್ಕ ಹೀಟ್‌ಸಿಂಕ್ ಇರುವ ಯಾವ ಬೋರ್ಡಿಗೂ ಭಾರವಲ್ಲ. ಮುಂದೆ ಸೆಕೆಂಡ್‌ಹ್ಯಾಂಡ್ ಐ7-12700 ಹಾಕಿದರೆ 180 ವಾಟ್. ಮೇ ತಿಂಗಳ ಡೊಂಬಿವಲಿಯಲ್ಲಿ ಎಸಿ ಇಲ್ಲದ ಕೋಣೆಗೆ ಹೀಟ್‌ಸಿಂಕ್ ಇಲ್ಲದ ಬೋರ್ಡ್ ತರಬಾರದು. ಈ ಸಾಕೆಟ್ 14ನೇ ಪೀಳಿಗೆಗೆ ಮುಗಿಯುತ್ತದೆ. 13, 14ನೇ ಪೀಳಿಗೆಯ ಹೆಚ್ಚು ವಾಟಿನ ಪ್ರೊಸೆಸರ್ ಕೊಳ್ಳುವವರು ಮೊದಲು ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ನವೀಕರಿಸಬೇಕು, ವೋಲ್ಟೇಜ್ ಸಮಸ್ಯೆಗೆ ಇಂಟೆಲ್ 2024ರಿಂದ ಕೊಟ್ಟ ಮೈಕ್ರೊಕೋಡ್ ತಿದ್ದುಪಡಿ ಅದರಲ್ಲೇ ಬರುತ್ತದೆ.

ಹಣ ಕೊಡುವ ಮೊದಲು, ಅಂಗಡಿಯ ಕೌಂಟರಿನಲ್ಲೇ, ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ ಪಿನ್ನುಗಳನ್ನು ಟಾರ್ಚ್ ಓರೆ ಮಾಡಿ ನೋಡಿ. ಸಾಲುಗಳು ಬೆಳಕಿನಲ್ಲಿ ಒಂದೇ ಸಮನೆ ಹೊಳೆಯಬೇಕು. ಒಂದು ಕಡೆ ಹೊಳಪು ಮುರಿದರೆ ಪಿನ್ ಬಾಗಿದೆ. ಒಂದು ಪಿನ್ ಬಾಗಿದರೂ ರ್ಯಾಮಿನ ಒಂದು ಚಾನೆಲ್ಲೇ ಕಾಣದಾಗಬಹುದು, ಅದಕ್ಕೆ ವಾರಂಟಿ ಸಿಗುವುದಿಲ್ಲ. ಫೋಟೊ ತೆಗೆದಿಡಿ. ಮುಚ್ಚಳವನ್ನು ಎಸೆಯಬೇಡಿ, ವಾರಂಟಿಗೆ ಕಳಿಸುವಾಗ ಅದು ಬೇಕು.

ಬದಲಿಸುವ ದಿನ

ಹಳೆಯ ಬೋರ್ಡ್ ಬಿಚ್ಚುವ ಮೊದಲು ವಿಂಡೋಸಿನಲ್ಲಿ ಮೂರು ಕೆಲಸ. ಡಿಸ್ಕ್ ಎನ್‌ಕ್ರಿಪ್ಶನ್ ಚಾಲೂ ಇದೆಯೇ ನೋಡಿ, ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ ಅಥವಾ ಎನ್‌ಕ್ರಿಪ್ಶನ್ ತೆಗೆಯಿರಿ. ಬೋರ್ಡ್ ಬದಲಾದರೆ ಟಿಪಿಎಂ ಎಂಬ ಭದ್ರತಾ ಘಟಕದ ಕೀ ಹೋಗುತ್ತದೆ, ಡಿಸ್ಕ್ ಬೀಗ ಹಾಕಿಕೊಂಡು ಕೂರುತ್ತದೆ. ಲೈಸೆನ್ಸ್ ರಿಟೇಲ್ ಆಗಿದ್ದರೆ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ. ಓಇಎಂ (ಯಂತ್ರದ ಜೊತೆಗೇ ಬಂದದ್ದು) ಆಗಿದ್ದರೆ ಅದು ಹಳೆಯ ಬೋರ್ಡಿನೊಂದಿಗೇ ಮುಗಿಯಿತು. ಬಯೋಸಿನಲ್ಲಿ ವಿಎಂಡಿ (ಎಸ್‌ಎಸ್‌ಡಿ ನಿರ್ವಹಿಸುವ ಇಂಟೆಲ್ ವ್ಯವಸ್ಥೆ) ಆನ್ ಇದೆಯೋ ಆಫ್ ಇದೆಯೋ ಗುರುತಿಟ್ಟು ಹೊಸದರಲ್ಲೂ ಹಾಗೇ ಇಡಿ, ಇಲ್ಲವಾದರೆ ಬೂಟ್ ಡಿಸ್ಕ್ ಸಿಗದೆ ನೀಲಿ ಪರದೆ ಬರುತ್ತದೆ.

ಕ್ಯಾಬಿನೆಟ್ಟಿನ ಹಿತ್ತಾಳೆ ಕಂಬಗಳನ್ನು ಎಣಿಸಿ. ಹಳೆಯ ಅಗ್ಗದ ಬೋರ್ಡ್ ಅಗಲ ಕಡಿಮೆಯದು, ಆರು ತಿರುಪು. ಹೊಸದಕ್ಕೆ ಎಂಟು. ಎರಡು ಕಂಬ ಸೇರಿಸಲಾಯಿತು. ತೂತು ಇಲ್ಲದ ಕಡೆ ಕಂಬ ಉಳಿದುಕೊಂಡರೆ ಬೋರ್ಡಿನ ಬೆನ್ನಿಗೆ ಒತ್ತಿ ಶಾರ್ಟ್ ಆಗುತ್ತದೆ. ಯಂತ್ರವನ್ನು ಹೊತ್ತು ತಿರುಗುವವರು ಕಂಬ ಕಡಿಮೆ ಹಾಕಿದರೆ ಭಾರದ ಗ್ರಾಫಿಕ್ಸ್ ಕಾರ್ಡ್ ಬೋರ್ಡನ್ನು ಬಗ್ಗಿಸುತ್ತದೆ. ನಾಲ್ಕು ಮಳೆಗಾಲ ಕಂಡ ಕಾರ್ಡುಗಳ ಚಿನ್ನದ ಅಂಚು ಮಂಕಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ ಒರೆಸಿ, ಒಣಗಿದ ಮೇಲೆ ಕೂರಿಸಲಾಯಿತು.

ರ್ಯಾಮಿಗೆ 16 ಜಿಬಿಯ ಎರಡು ಪಟ್ಟಿ ಸೇರಿ ಈಗ 48 ಜಿಬಿ. ಜೋಡಿಗಳನ್ನು ಚಾನೆಲ್ ಮೇಲೆ ಸಮವಾಗಿ ಹಾಕಬೇಕು: ಒಂದೊಂದು ಚಾನೆಲ್ಲಿಗೆ 16 ಒಂದು, 8 ಒಂದು. ಬಯೋಸಿನಲ್ಲಿ 3200 ವೇಗ, ಗೇರ್ 1 (ರ್ಯಾಮೂ ಅದರ ಕಂಟ್ರೋಲರೂ ಒಂದೇ ವೇಗದಲ್ಲಿ ಓಡುವ ಆಯ್ಕೆ). ಅದಕ್ಕಿಂತ ಮೇಲೆ ಎಳೆಯುವ ಆಸೆ ಬೇಡ, ಈ ಪ್ರೊಸೆಸರಿನಲ್ಲಿ ಮೆಮೊರಿ ಕಂಟ್ರೋಲರಿನ ವೋಲ್ಟೇಜ್ ಬೀಗ ಹಾಕಿದೆ.

ಮೊದಲ ಬೂಟಿನಲ್ಲಿ ಕ್ವಿಕ್ ಸಿಂಕ್ ಕಾಣಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅನೇಕ ಬೋರ್ಡುಗಳು ಒಳಗಿನ ಗ್ರಾಫಿಕ್ಸನ್ನು ತಾವೇ ಆರಿಸಿಬಿಡುತ್ತವೆ. ಬಯೋಸಿನಲ್ಲಿ ಐಜಿಪಿಯು ಮಲ್ಟಿ ಮಾನಿಟರ್ ಆನ್ ಮಾಡಿದ ಮೇಲೆ ಬಂತು. ಪಿಸಿಐಇ ವಿದ್ಯುತ್ ಉಳಿತಾಯದ ಎಎಸ್‌ಪಿಎಂ ಆಫ್ ಮಾಡಲಾಯಿತು. ನೇರ ದಾಖಲೆಯ ಯಂತ್ರದಲ್ಲಿ ಲಿಂಕ್ ನಿದ್ದೆ ಹೋಗಿ ಎದ್ದೇಳುವುದು ಬೇಡ.

ಎಚ್‌ಡಬ್ಲ್ಯುಇನ್ಫೊ ಈಗ ಕ್ಯಾಪ್ಚರ್ ಕಾರ್ಡಿಗೆ ಅಗಲ 4 ತೋರಿಸಿತು. ಮೂರು ಕ್ಯಾಮೆರಾ, 2 ಟಿಬಿ ಎನ್‌ವಿಎಂಇ, ನಾಲ್ಕು ಗಂಟೆ ಹತ್ತು ನಿಮಿಷ: ಕಳೆದ ಫ್ರೇಮ್ ಸೊನ್ನೆ. ಕೊನೆಯ ನಿಮಿಷದಲ್ಲಿ ಕ್ಯಾಮೆರಾ ಮುಂದೆ ಚಪ್ಪಾಳೆ ಹೊಡೆದು ನೋಡಿದಾಗ ಕೈ ಮತ್ತು ಶಬ್ದ ಒಂದೇ ಫ್ರೇಮಿನಲ್ಲಿ ಕೂಡಿದವು.

ಮುಂದೆ ಬೆಳೆಯಲು ಉಳಿದ ಜಾಗ ಕಡಿಮೆ. ನಾಲ್ಕನೆಯ ಕ್ಯಾಮೆರಾ ಸೇರಿಸಬಹುದು, 829 ಎಂಬಿ ಎಕ್ಸ್4ಕ್ಕೆ ಹಗುರ. ಐದನೆಯ ಸಾಟಾ ಡಿಸ್ಕಿಗೆ ಪೋರ್ಟ್ ಇಲ್ಲ. 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡಿಗೆ ಸ್ಲಾಟ್ ಇಲ್ಲ. ಒಂದು ಎಕ್ಸ್1 ಇದೆ, ಅದು ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ ಮುಚ್ಚಿಹೋಗಿದೆ. ಬೋರ್ಡಿನ 2.5 ಗಿಗಾಬಿಟ್ ಪೋರ್ಟಿನಲ್ಲಿ ಸೆಕೆಂಡಿಗೆ 280 ಎಂಬಿ ಸಿಗುತ್ತದೆ, ಹಳೆಯ ಆಟಗಳನ್ನು ಇನ್ನೊಂದು ಯಂತ್ರಕ್ಕೆ ಸಾಗಿಸಲು ಅಷ್ಟು ಸಾಕು. ಈ ವಿವರವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲಿನ ಒಳಬದಿಗೆ ಅಂಟಿಸಲಾಗಿದೆ: ಯಾವ ಸ್ಲಾಟ್ ಎಲ್ಲಿಂದ ಬಂದದ್ದು, ಎಷ್ಟು ಲೇನ್, ಮತ್ತು ಕೆಂಪು ಶಾಯಿಯಲ್ಲಿ "ಎರಡನೆಯ ಎಂ.2ಕ್ಕೆ ಸಾಟಾ ಎಸ್‌ಎಸ್‌ಡಿ ಹಾಕಬೇಡಿ."